ಷಷ್ಟ್ಯಬ್ದಿಯಲ್ಲಿ ಜಡೆ ಕೋಲಾಟ: ಒಂದು ಬಹುಶಿಸ್ತೀಯ ಅಧ್ಯಯನ

1. ಪೀಠಿಕೆ

ಮನುಷ್ಯನಿಗೆ ಅರವತ್ತು ತುಂಬುತ್ತದೆ ಎಂಬುದು ನಿರ್ವಿವಾದ. ತುಂಬಿದ ಮೇಲೆ ಅವನನ್ನು ಏನು ಮಾಡಬೇಕು ಎಂಬಲ್ಲಿ ಮಾತ್ರ ವಿದ್ವಾಂಸರಿಗೆ ಒಮ್ಮತವಿಲ್ಲ. ವೈದಿಕ ಪರಂಪರೆ ಅವನನ್ನು ಮಣೆಯ ಮೇಲೆ ಕೂರಿಸಿ ಕಲಶದ ನೀರು ಸುರಿಯುತ್ತದೆ. ಸಾಹಿತ್ಯ ಪರಂಪರೆ ವೇದಿಕೆಯ ಮೇಲೆ ಕೂರಿಸಿ, ಎತ್ತಲಾರದಷ್ಟು ತೂಕದ ಅಭಿನಂದನ ಗ್ರಂಥವನ್ನು ತೊಡೆಯ ಮೇಲಿಡುತ್ತದೆ. ಸರ್ಕಾರಿ ಪರಂಪರೆ ಕುರ್ಚಿಯಿಂದ ಎಬ್ಬಿಸಿ, ಅದೇ ಸಂಜೆ ಇನ್ನೊಂದು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುತ್ತದೆ. ಮೂರಕ್ಕೂ ಸಮಾನವಾದ ಲಕ್ಷಣವೆಂದರೆ ಕೂರಿಸುವಿಕೆ. ಇದಕ್ಕೆ ವ್ಯತಿರಿಕ್ತವಾಗಿ, ಅರವತ್ತಾದವನನ್ನು ಎಬ್ಬಿಸಿ, ಕೈಗೆ ಕೋಲು ಕೊಟ್ಟು, ಊರವರ ಜೊತೆ ಕುಣಿಸುವ ನಾಲ್ಕನೆಯ ಪದ್ಧತಿಯೊಂದು ಮಂಡ್ಯ ಸೀಮೆಯ ಹಳ್ಳಿಯೊಂದರಲ್ಲಿ ಗೋಚರಿಸಿದೆ. ಅಲ್ಲಿನ ನಿವೃತ್ತ ಹೆಡ್‌ಮಾಸ್ತರರೊಬ್ಬರಿಗೆ ಅರವತ್ತಾದಾಗ ನಡೆದ ಅದೇ ಪ್ರಸ್ತುತ ಪ್ರಬಂಧದ ವಸ್ತು. ಫಲಿತಗಳು ಊಟಕ್ಕೆ ಮೊದಲೇ ಸಿದ್ಧವಾಗಿದ್ದವು ಎಂಬ ಆರೋಪವನ್ನು ಲೇಖಕ ನಿರಾಕರಿಸುತ್ತಾನೆ.

2. ಪೂರ್ವಾಧ್ಯಯನಗಳ ಸಮೀಕ್ಷೆ

ನಾಡಿನಲ್ಲಿ ಜಾನಪದಕ್ಕೆ ಆಸರೆಯ ಕೊರತೆಯಿಲ್ಲ. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆದರು. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಗೆ ಜಾನಪದದ್ದೇ ವಿಶ್ವವಿದ್ಯಾಲಯ ಬಂತು. ಆದರೂ ನಿವೃತ್ತ ಹೆಡ್‌ಮಾಸ್ತರರ ಹುಟ್ಟುಹಬ್ಬಕ್ಕೆ ತಕ್ಕ ಕುಣಿತ ಯಾವುದು ಎಂಬ ಮೂಲಭೂತ ಪ್ರಶ್ನೆಗೆ ಲೇಖಕನ ಕಪಾಟಿನ ಯಾವ ಪುಸ್ತಕದಲ್ಲೂ ಉತ್ತರವಿಲ್ಲ. ಕಪಾಟು ಒಂದೇ ಇದೆ.

ಆದ್ದರಿಂದ ಸೋಸುವ ವಿಧಾನವನ್ನು ಅನುಸರಿಸಲಾಯಿತು. ಡೊಳ್ಳು ಬೀರದೇವರ ಒಕ್ಕಲಿನದು. ಅದನ್ನು ಹೆಗಲಿಗೇರಿಸಿ ಕುಣಿಯಲು ಬೇಕಾದ ಸೊಂಟ ಮಾಸ್ತರರ ಬಳಿ ಇಲ್ಲ. ಕಂಸಾಳೆ ಮಾದಪ್ಪನದು, ಅದಕ್ಕೆ ದೀಕ್ಷೆ ಬೇಕು. ವೀರಗಾಸೆಗೆ ದಕ್ಷಯಜ್ಞವನ್ನು ಕೆಡಿಸಿದ ವೀರಭದ್ರನ ಆವೇಶ ಬೇಕು. ಮಾಸ್ತರರ ಆವೇಶ ಸೇವಾವಧಿಯಲ್ಲೇ ಪೂರ್ತಿ ಖರ್ಚಾಗಿದೆ. ಹಾಲಕ್ಕಿಗಳ ಸುಗ್ಗಿ ಕುಣಿತಕ್ಕೆ ಉತ್ತರ ಕನ್ನಡದಲ್ಲಿ ಹುಟ್ಟಿರಬೇಕು. ಉಳಿದದ್ದು ಕೋಲಾಟ. ಅದಕ್ಕೆ ಎರಡು ಕೋಲು, ಎದುರಿಗೊಬ್ಬರು ಇದ್ದರೆ ಸಾಕು.

3. ಖಗೋಳಶಾಸ್ತ್ರೀಯ ಆಧಾರ

ಷಷ್ಟ್ಯಬ್ದಿಯ ಮೂಲವೇ ಕೋಲಾಟ ಎಂಬ ಕ್ರಾಂತಿಕಾರಿ ಸಿದ್ಧಾಂತವನ್ನು ಇಲ್ಲಿ ಮೊದಲ ಬಾರಿಗೆ ಮಂಡಿಸಲಾಗುತ್ತಿದೆ. ಗುರುಗ್ರಹ ರಾಶಿಚಕ್ರವನ್ನು ಒಂದು ಸುತ್ತು ಹಾಕಲು ಸುಮಾರು 12 ವರ್ಷ ತೆಗೆದುಕೊಳ್ಳುತ್ತದೆ, ಶನಿ ಸುಮಾರು 30 ವರ್ಷ. ಗುರು ಐದು ಸುತ್ತು, ಶನಿ ಎರಡು ಸುತ್ತು ಮುಗಿಸುವ ಹೊತ್ತಿಗೆ 60 ವರ್ಷವಾಗಿ, ಇಬ್ಬರೂ ಹೆಚ್ಚುಕಡಿಮೆ ಹೊರಟ ಜಾಗಕ್ಕೇ ಬಂದು ನಿಲ್ಲುತ್ತಾರೆ. ಪ್ರಭವದಿಂದ ಕ್ಷಯದವರೆಗಿನ ಸಂವತ್ಸರಗಳೂ ಅರವತ್ತೇ. ಒಬ್ಬ ಚುರುಕು, ಇನ್ನೊಬ್ಬ ಮಂದ, ನಡುವೆ ವೃತ್ತ, ಕೊನೆಗೆ ಮೊದಲಿನ ಜಾಗ: ಇದು ಕೋಲಾಟವಲ್ಲದೆ ಮತ್ತೇನು? ಇಬ್ಬರೂ ಒಂದೇ ದಿಕ್ಕಿಗೆ ಸುತ್ತುವುದರಿಂದ ಕೋಲು ತಾಗಿಸಲು ಎದುರುಬದುರಾಗುವುದಿಲ್ಲ ಎಂಬ ಸಣ್ಣ ತೊಡಕಿದೆ. ಅದನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.

ಮಾಸ್ತರರು ಹುಟ್ಟಿದ್ದು ಪರಾಭವ ಸಂವತ್ಸರದಲ್ಲಿ. 2026ರ ಯುಗಾದಿಗೆ ಅದೇ ಸಂವತ್ಸರ ಮರಳಿ ಬಂತು. ಮುಂದಾಗಲಿದ್ದುದನ್ನು ಪಂಚಾಂಗ ಮುಚ್ಚುಮರೆಯಿಲ್ಲದೆ ಹೇಳಿತ್ತು.

4. ಕೋಲಿನ ವರ್ಗೀಕರಣ

ಕ್ಷೇತ್ರಕಾರ್ಯದಲ್ಲಿ ಎರಡು ಬಗೆಯ ಕೋಲುಗಳು ಪತ್ತೆಯಾದವು. ಮೊದಲನೆಯದು ಶಾಲಾಕೋಲು. ಇದು ಒಂಟಿ, ಒಬ್ಬರ ಕೈಯಲ್ಲಿದ್ದು ಇನ್ನೊಬ್ಬರ ಅಂಗೈಯಲ್ಲಿ ಸದ್ದು ಮಾಡುತ್ತದೆ. ಎರಡನೆಯದು ಕೋಲಾಟದ ಕೋಲು. ಇದು ಜೋಡಿ, ಇನ್ನೊಬ್ಬರ ಕೋಲಿಗೆ ತಾಗಿದರಷ್ಟೇ ಸದ್ದು ಮಾಡುತ್ತದೆ. ಮಾಸ್ತರರು ಮೊದಲನೆಯದರಲ್ಲಿ ಪಾರಂಗತರು. ಎರಡನೆಯದನ್ನು ಕಲಿಸಲು ಬಂದ ಕೋಲಾಟದ ಗುರು, ಮೊದಲನೆಯದರ ರುಚಿ ನೋಡಿದ ಅವರದೇ ಹಳೆಯ ಶಿಷ್ಯ. ಅಭ್ಯಾಸದ ಸಂಜೆ ನಡೆದ ಸಂವಾದವನ್ನು ಇದ್ದಂತೆಯೇ ದಾಖಲಿಸಲಾಗಿದೆ:

"ಮೇಷ್ಟ್ರೇ, ಎಡಗಾಲ್ ಮುಂದಕ್ ಮಡಗಿ."

"ಮಡಗಿದ್ದೀನಲ್ಲಪ್ಪ."

"ಅದು ಬಲಗಾಲು."

"ಸ್ವಲ್ಪ ನಿಧಾನಕ್ಕೆ ಹೇಳಿಕೊಡು ಕಣೋ."

"ನಾನೇನೋ ನಿಧಾನಕ್ಕೆ ಏಳ್ತೀನಿ ಮೇಷ್ಟ್ರೇ, ತಾಳ ಕಾಯಾಕಿಲ್ಲ. ಮಗ್ಗಿ ಒಪ್ಸುವಾಗ ನೀವೂ ಕಾಯ್ತಿರ್ಲಿಲ್ಲ."

ಈ ಕೊನೆಯ ವಾಕ್ಯದಲ್ಲಿ ಸೇಡಿನ ಅಂಶವಿದೆಯೇ ಎಂದು ಕೇಳಿದಾಗ ವಕ್ತೃ ನಕ್ಕರು. ನಗುವನ್ನು ಲಿಪ್ಯಂತರಿಸುವ ವ್ಯವಸ್ಥೆ ನಮ್ಮ ಜಾನಪದಶಾಸ್ತ್ರದಲ್ಲಿ ಇನ್ನೂ ಬೆಳೆದಿಲ್ಲ.

5. ಸರಿಸಂಖ್ಯೆಯ ಸಮಸ್ಯೆ ಮತ್ತು ದಾಂಪತ್ಯ ಪ್ರಮೇಯ

ಕೋಲಾಟಕ್ಕೆ ಸರಿಸಂಖ್ಯೆ ಬೇಕು. ಮೇಳ ಮೊದಲೇ ಸರಿಸಂಖ್ಯೆಯಲ್ಲಿತ್ತು. ಗೌರವಕ್ಕೆ ಪಾತ್ರರಾದವರು ಸೇರಿದ ಕೂಡಲೇ ಬೆಸವಾಯಿತು. ಸನ್ಮಾನಿತನೇ ಸಮಾರಂಭದ ಅಡಚಣೆಯಾಗುವ ಈ ಸ್ಥಿತಿ ವೇದಿಕೆಯ ಕಾರ್ಯಕ್ರಮಗಳಲ್ಲೂ ಇದೆ, ಅಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪರಿಹಾರವಾಗಿ ಮಾಸ್ತರರ ಮನೆಯವರನ್ನು ಕರೆಯಲಾಯಿತು. ಆಕೆ ತೌರಿನಲ್ಲಿ ಕೋಲಾಟ ಕಲಿತದ್ದನ್ನು ಮದುವೆಯಾದಂದಿನಿಂದ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಸೆರಗು ಸಿಕ್ಕಿಸಿ ನಿಂತವರು ಒಂದು ಹೆಜ್ಜೆಯನ್ನೂ ತಪ್ಪಲಿಲ್ಲ. "ರೀ, ಅದು ನನ್ ಬೆರಳು, ಕೋಲು ಇಲ್ಲೈತೆ" ಎಂಬ ಅವರ ಉದ್ಗಾರ ಎರಡು ಸಲ ಕೇಳಿಬಂತು.

ಇದರಿಂದ ಹೊರಡುವ ಪ್ರಮೇಯ: ಷಷ್ಟ್ಯಬ್ದಿಯ ಶಾಂತಿಯಲ್ಲಿ ದಂಪತಿ ಪಕ್ಕಪಕ್ಕ ಕೂರುತ್ತಾರೆ, ಕೋಲಾಟದಲ್ಲಿ ಎದುರುಬದುರು ನಿಲ್ಲುತ್ತಾರೆ. ಇವೆರಡರಲ್ಲಿ ಸಂಸಾರದ ನಿಜಕ್ಕೆ ಯಾವುದು ಹತ್ತಿರ ಎಂಬುದನ್ನು ವಿವಾಹಿತ ಓದುಗರ ವಿವೇಚನೆಗೆ ಬಿಡಲಾಗಿದೆ.

6. ಜಡೆಯ ಸಾಕ್ಷ್ಯ

ಕೋಲಾಟದಲ್ಲೇ ಒಂದು ಬಗೆಯಾದ, ಆ ಸಂಜೆ ಕುಣಿದ ಜಡೆ ಕೋಲಾಟದಲ್ಲಿ ಮೇಲಿನಿಂದ ಬಣ್ಣದ ಹಗ್ಗಗಳನ್ನು ಇಳಿಬಿಡುತ್ತಾರೆ. ಪ್ರತಿಯೊಬ್ಬರ ಒಂದು ಕೈಯಲ್ಲಿ ಹಗ್ಗದ ತುದಿ, ಇನ್ನೊಂದರಲ್ಲಿ ಕೋಲು. ಅರ್ಧ ಮಂದಿ ಈ ಕಡೆಯಿಂದ, ಅರ್ಧ ಮಂದಿ ಆ ಕಡೆಯಿಂದ, ಒಬ್ಬರ ಒಳಗೆ ಒಬ್ಬರ ಹೊರಗೆ ಹಾಯುತ್ತ ಹೋದಂತೆ ಮೇಲೆ ಜಡೆ ಬೀಳುತ್ತದೆ. ಆಮೇಲೆ ಅದೇ ಹೆಜ್ಜೆಗಳನ್ನು ಹಿಂದುಮುಂದಾಗಿ ಹಾಕಿ ಬಿಚ್ಚಬೇಕು. ತಪ್ಪು ಹೆಣೆಯುವಾಗ ಅಷ್ಟಾಗಿ ಕಾಣುವುದಿಲ್ಲ, ಬಿಚ್ಚುವಾಗ ಗಂಟಾಗಿ ಸಿಕ್ಕುತ್ತದೆ. ಅಭಿನಂದನ ಭಾಷಣಗಳಲ್ಲಿ ಜಡೆ ಹೆಣೆಯುವ ಭಾಗವಷ್ಟೇ ಇರುವುದು ಈ ದೃಷ್ಟಿಯಿಂದ ಅರ್ಥಪೂರ್ಣ.

ಗಂಟು ಬಿತ್ತು. ಹಸಿರು ಹಗ್ಗ, ಮಾಸ್ತರರದು. ಸೊಲ್ಲು ನಿಂತಿತು, ತಾಳ ನಿಂತಿತು, ಊರೇ ಕತ್ತೆತ್ತಿ ನೋಡಿತು. ಶಿಷ್ಯ ಅವರ ತೋಳು ಹಿಡಿದು ಎರಡು ಹೆಜ್ಜೆ ಹಿಂದಕ್ಕೆ ನಡೆಸಿ, ಹುಡುಗಿಯೊಬ್ಬಳ ಹಗ್ಗದಡಿ ಬಗ್ಗಿಸಿ ಹೊರಕ್ಕೆ ತಂದ. ಯಾರೂ ಬೈಯಲಿಲ್ಲ. ಮತ್ತೆ ಸೊಲ್ಲು ಎದ್ದಿತು. ಇಡೀ ಸಂಜೆ ಮಾಸ್ತರರ ಬಗ್ಗೆ ಒಂದೇ ಒಂದು ಒಳ್ಳೆಯ ಮಾತನ್ನು ಯಾರೂ ಆಡಲಿಲ್ಲವೆಂಬುದನ್ನೂ, ಅವರು ಹೊರಬರುವವರೆಗೆ ಯಾರೂ ಕದಲಲಿಲ್ಲವೆಂಬುದನ್ನೂ ಒಟ್ಟಿಗೆ ಗಮನಿಸಬೇಕು.

7. ಆಕ್ಷೇಪ, ಸಮಾಧಾನ

ಕೇಕು ಕತ್ತರಿಸಿದ್ದರಿಂದ ಆಚರಣೆ ಶುದ್ಧ ಜಾನಪದವಲ್ಲ ಎಂಬುದು ಮೊದಲ ಆಕ್ಷೇಪ. ಕೇಕಿನ ಮೇಲಿನ ಮೇಣದ 60, ಹಿಂದಿನಿಂದ ನೋಡಿದವರಿಗೆ 06 ಎಂದು ಕಾಣುತ್ತಿತ್ತು. ಮಾಸ್ತರರ ಹೆಜ್ಜೆಗಳನ್ನು ಕಂಡವರು ಇದನ್ನೇ ಅಧಿಕೃತ ಪಾಠವೆಂದು ಒಪ್ಪಿದ್ದಾರೆ. ಇದು ದಾಂಡಿಯಾದ ಅನುಕರಣೆ ಎಂಬುದು ಎರಡನೆಯದು; ಬೆಂಗಳೂರಿನಿಂದ ಬಂದಿದ್ದ ಸೋದರಳಿಯನೊಬ್ಬ ಹೀಗೆಂದು, ಬಾಡೂಟದ ಪಂಕ್ತಿಯಲ್ಲಿ ಕೊನೆಗೆ ಕೂರಬೇಕಾಯಿತು. ಗದ್ದಲವೆಂಬುದು ಮೂರನೆಯದು. ಶಬ್ದಮಾಲಿನ್ಯದ 2000ದ ನಿಯಮಗಳ ಪ್ರಕಾರ ರಾತ್ರಿ 10ರ ಮೇಲೆ ಧ್ವನಿವರ್ಧಕ ಕೂಡದು. ಕೋಲಾಟಕ್ಕೆ ಧ್ವನಿವರ್ಧಕವೇ ಬೇಕಿಲ್ಲವಾದ್ದರಿಂದ ಮತ್ತು 9ಕ್ಕೇ ಎಲ್ಲರಿಗೂ ಹಸಿವಾದ್ದರಿಂದ ಈ ಪ್ರಶ್ನೆ ಉದ್ಭವಿಸಲಿಲ್ಲ.

8. ನಿರ್ಣಯ

ವೇದಿಕೆಯ ಮೇಲೆ ಕೂತವನು ಎದ್ದುಹೋದರೂ ಸಮಾರಂಭ ನಡೆಯುತ್ತದೆ; ಭಾಷಣಕಾರರು ಗಮನಿಸುವುದೂ ಇಲ್ಲ. ವೃತ್ತದಲ್ಲಿ ನಿಂತವನು ಒಂದು ಹೆಜ್ಜೆ ತಪ್ಪಿದರೆ ಊರ ಕುಣಿತವೇ ನಿಲ್ಲುತ್ತದೆ. ಯಾರನ್ನು ಬಿಟ್ಟು ಮುಂದುವರಿಯಲಾಗದೋ ಅವನೇ ಗೌರವಾನ್ವಿತ ಎಂಬುದು ಈ ಅಧ್ಯಯನದ ಏಕೈಕ ಗಂಭೀರ ಫಲಿತ. ವೃತ್ತಕ್ಕೆ ಅಧ್ಯಕ್ಷತೆ ಇಲ್ಲ, ಮುಖ್ಯ ಅತಿಥಿ ಇಲ್ಲ, ವಂದನಾರ್ಪಣೆಯೂ ಇಲ್ಲ. ಈ ಕೊನೆಯ ಅಂಶವೊಂದೇ ಈ ಪದ್ಧತಿಯನ್ನು ನಾಡಿನಾದ್ಯಂತ ಜಾರಿಗೆ ತರಲು ಸಾಕಾದ ಕಾರಣ.

ಅರವತ್ತರ ಹತ್ತಿರವಿರುವವರು ಅಭಿನಂದನ ಸಮಿತಿ ರಚನೆಯಾಗುವ ಮೊದಲೇ ಎರಡು ಕೋಲು ಸಂಪಾದಿಸಿಕೊಳ್ಳಬೇಕಾಗಿ ವಿನಂತಿ. ಸಮಿತಿಯಾದ ಮೇಲೆ ಯಾವ ಸಂಶೋಧನೆಯೂ ನಿಮ್ಮನ್ನು ಉಳಿಸಲಾರದು.