ಲೈಟ್ ಆರ್ಸ್ರೀ, ಪಿಚ್ಚರ್ ಹಚ್ಚೋಣ

ಹರಪನಹಳ್ಳಿಯವರಿಗೆ ಕೂತಲ್ಲೇ ಕೂತು ಲೋಕ ನೋಡುವುದು ಹೊಸದಲ್ಲ. 1997ರವರೆಗೆ ಬಳ್ಳಾರಿ ಜಿಲ್ಲೆ, ಆಮೇಲೆ ದಾವಣಗೆರೆ, ಮತ್ತೆ ತಿರುಗಿ ಬಳ್ಳಾರಿ, 2021ರಿಂದ ವಿಜಯನಗರ. ಕಟ್ಟೆ ಬಿಟ್ಟು ಏಳದೆ ಮೂರು ಜಿಲ್ಲೆ ಕಂಡ ಪುಣ್ಯವಂತರು. ಈಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಯವರಿಗೂ ಅಂಥದೇ ಯೋಗ ಬಂದಿದೆ. ಪಡಸಾಲೆಯಲ್ಲಿ ಕಾಲು ಚಾಚಿ ಕೂತರೆ ಸಾಕು, ಪ್ರೊಜೆಕ್ಟರ್ ಎಂಬ ಡಬ್ಬಿ ಬೆಂಗಳೂರು, ಬೊಂಬಾಯಿ, ಅಮೆರಿಕ ಎಲ್ಲವನ್ನೂ ಸುಣ್ಣದ ಗೋಡೆಗೆ ತಂದು ಚೆಲ್ಲುತ್ತದಂತೆ. ಮಾರುವವರು ಹಾಗೆ ಹೇಳುತ್ತಾರೆ.

ಆಸೆ ತಪ್ಪಲ್ಲ ಬಿಡಿ. ನಮ್ಮ ಕಡೆ ದೊಡ್ಡ ಪರದೆ, ಒಳ್ಳೇ ಸೌಂಡು ಬೇಕೆಂದರೆ ಹೊಸಪೇಟೆಗೋ ದಾವಣಗೆರೆಗೋ ಬಳ್ಳಾರಿಗೋ ಬಸ್ಸು ಹತ್ತಬೇಕು. ಸೆಕೆಂಡ್ ಶೋ ನೋಡಿದರೆ ತಿರುಗಿ ಬರಲು ಬಸ್ಸಿಲ್ಲ. ಫಸ್ಟ್ ಶೋ ನೋಡಿದರೆ ಕೊನೇ ಬಸ್ಸಿನ ಚಿಂತೆಯಲ್ಲಿ ಕ್ಲೈಮ್ಯಾಕ್ಸ್ ತಲೆಗೆ ಹತ್ತುವುದಿಲ್ಲ. ಕೊಟ್ಟೂರಿನಲ್ಲಿರುವ ನಮ್ಮಣ್ಣನ ಮಗ ಈ ಎಲ್ಲ ಲೆಕ್ಕ ಹಾಕಿಯೇ ಡಬ್ಬಿ ತರಿಸಿದ. "ಚಿಗಪ್ಪ, ಇನ್ ಮ್ಯಾಲೆ ನಮ್ಮನೀನೇ ಟಾಕೀಸು. ಹಗಲು ಪಿಚ್ಚರ್, ರಾತ್ರಿ ಗೇಮು" ಎಂದ. ಹಗಲಿಗೂ ಪ್ರೊಜೆಕ್ಟರಿಗೂ ಆಗಿಬರುವುದಿಲ್ಲ ಎಂಬುದು ಮಾರನೇ ದಿನವೇ ಅವನಿಗೆ ತಿಳಿಯಿತು.

ಮೊದಲು ಡಬ್ಬಿಯ ಮೇಲಿನ ಬರಹ ನೋಡೋಣ. '10000 ಲುಮೆನ್ಸ್' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಬೆಳಕಿಗೆ ನೆಟ್ಟಗಿನ ಅಳತೆ ಬೇರೆ ಇದೆ. ಅದಕ್ಕೆ ಆನ್ಸಿ ಲುಮೆನ್ಸ್ ಅನ್ನುತ್ತಾರೆ. ಪರದೆಯ ಮೇಲೆ ಒಂಬತ್ತು ಜಾಗದಲ್ಲಿ ಬೆಳಕು ಅಳೆದು, ಅದರ ಸರಾಸರಿಯಿಂದ ತೆಗೆದ ಲೆಕ್ಕ ಅದು. ಐದಾರು ಸಾವಿರ ರೂಪಾಯಿಯ ಡಬ್ಬಿಗಳಲ್ಲಿ ಈ ಆನ್ಸಿ ಸಂಖ್ಯೆಯನ್ನು ಹಾಕಿಯೇ ಇರುವುದಿಲ್ಲ, ಹಾಕಿದರೂ ಭೂತಗನ್ನಡಿ ಬೇಕು. ಇನ್ನೊಂದು ಬರಹ '1080ಪಿ ಸಪೋರ್ಟ್'. ಸಪೋರ್ಟ್ ಎಂದರೆ ಅಷ್ಟು ಚುಕ್ಕಿಯ ಚಿತ್ರ ಕೊಟ್ಟರೆ ತಗೊಳ್ಳುತ್ತದೆ ಎಂದಷ್ಟೇ ಅರ್ಥ. ಗೋಡೆಗೆ ಎಷ್ಟು ಹಾಕುತ್ತದೆ ಎಂಬುದಕ್ಕೆ 'ನೇಟಿವ್' ಎಂಬ ಸಂಖ್ಯೆ ನೋಡಬೇಕು. 1080ಪಿ ಚಿತ್ರದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚುಕ್ಕಿ. ನೇಟಿವ್ 480ಪಿ ಡಬ್ಬಿ ಅದನ್ನೆಲ್ಲ ಇಸಿದುಕೊಂಡು ಗೋಡೆಗೆ ಹಾಕುವುದು ನಾಲ್ಕು ಲಕ್ಷ. ಉಳಿದದ್ದು ಎಲ್ಲಿ ಹೋಯಿತೆಂದು ಕೇಳಲು ಇದಕ್ಕೆ ಆಡಿಟ್ ಇಲ್ಲ.

ಆಮೇಲೆ ಗೋಡೆ. ನೂರು ಇಂಚಿನ ಚಿತ್ರ ಬೇಕೆಂದರೆ ಅಗಲ ಏಳೂಕಾಲು ಅಡಿ, ಎತ್ತರ ನಾಲ್ಕಡಿಯ ಖಾಲಿ ಗೋಡೆ ಬೇಕು. ನಮ್ಮ ಕಡೆಯ ಪಡಸಾಲೆಯಲ್ಲಿ ಖಾಲಿ ಗೋಡೆ ಎಲ್ಲಿದೆ ಸ್ವಾಮಿ? ಕೊಟ್ಟೂರೇಶ್ವರನ ಫೋಟೋ, ಪಕ್ಕಕ್ಕೆ ಹಾರ ಹಾಕಿದ ಅಜ್ಜ, ಅವನ ಕೆಳಗೆ ಗೊಬ್ಬರದಂಗಡಿಯ ಕ್ಯಾಲೆಂಡರು, ಅಂಗಿ ತೂಗುಹಾಕುವ ಗೂಟ, ನಿಂತುಹೋದ ಗಡಿಯಾರ, ನಡುವೆ ಸ್ವಿಚ್ ಬೋರ್ಡು. ದೇವರನ್ನು ಮುಟ್ಟುವ ಹಾಗಿಲ್ಲ. ಅಜ್ಜನನ್ನು ಇಳಿಸುವ ಮಾತೆತ್ತಿದರೆ ಅವ್ವ, "ಮನಿ ಕಟ್ಟಿದಾತನ್ನ ಇಳಿಸಿ ಕುಣಿಯೋರ್ನ ಏರಸ್ತೀಯೇನಲೇ?" ಎಂದಳು. ಕೊನೆಗೆ ಕ್ಯಾಲೆಂಡರು, ಗಡಿಯಾರ ಇಳಿದವು. ಮೊಳೆ ಉಳಿಯಿತು. ಈಗ ಯಾವ ಸಿನಿಮಾ ಹಾಕಿದರೂ ಹೀರೋನ ಹಣೆಯಲ್ಲಿ ಒಂದು ಮೊಳೆ. ಗೋಡೆಯ ಸುಣ್ಣಕ್ಕೆ ಬೆಳ್ಳಗೆ ಕಾಣಲೆಂದು ದೀಪಾವಳಿಯಲ್ಲಿ ನೀಲಿ ಬೆರೆಸಿದ್ದು ಜಾಸ್ತಿಯಾಗಿ, ನಾಯಕಿಯರೆಲ್ಲ ಚಳಿಗೆ ಸಿಕ್ಕವರ ಹಾಗೆ ಕಾಣುತ್ತಾರೆ.

ಗೋಡೆಯ ಸಹವಾಸ ಬೇಡವೆಂದು ಪಂಚೆ ಕಟ್ಟಿದರು. ಫ್ಯಾನ್ ಹಾಕಿದರೆ ಪಂಚೆ ಅಲೆಯಾಡುತ್ತದೆ, ಫೈಟಿಂಗಿನಲ್ಲಿ ಹೊಡೆತ ತಿನ್ನದವನೂ ತೂರಾಡುತ್ತಾನೆ. ಫ್ಯಾನ್ ಆರಿಸಿದರೆ ನೋಡುವವರು ತೂರಾಡುತ್ತಾರೆ. ಅದಕ್ಕಿಂತ ದೊಡ್ಡ ತೊಂದರೆ ಅಡ್ಡಾಡುವವರದು. ಚಾ ತರುವ ಅತ್ತಿಗೆ, ನೀರು ಕುಡಿಯಲು ಎದ್ದ ಮಗು, ಚಾರ್ಜರ್ ಹುಡುಕುವ ಅಣ್ಣ, ಎಲ್ಲರ ನೆರಳೂ ಪರದೆಯ ಮೇಲೆ ಪಾತ್ರ ಮಾಡುತ್ತದೆ. ಇದಕ್ಕೆ ಬಳ್ಳಾರಿ ಸೀಮೆ ಎಂದೋ ಉಪಾಯ ಕಂಡುಕೊಂಡಿದೆ. ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆಯಾಟದಲ್ಲಿ ದೀಪವೂ ಗೊಂಬೆಯೂ ಪರದೆಯ ಹಿಂದೆ, ಜನ ಮುಂದೆ. ಬೆಳಕಿಗೂ ಪರದೆಗೂ ನಡುವೆ ಯಾರೂ ಚಾ ಹಿಡಿದು ಹಾಯುತ್ತಿರಲಿಲ್ಲ. ಪ್ರೊಜೆಕ್ಟರಿನ ಮೆನುವಿನಲ್ಲೂ 'ರಿಯರ್' ಎಂಬ ಆಯ್ಕೆ ಇರುತ್ತದೆ. ಪಂಚೆಯ ಹಿಂದಿನಿಂದ ಹಚ್ಚಿ ಅದನ್ನು ಒತ್ತಿದರೆ ಎಡಬಲ ತಾನೇ ಸರಿಯಾಗುತ್ತದೆ. ಒತ್ತದಿದ್ದರೆ ವಿರಾಟ್ ಕೊಹ್ಲಿ ಎಡಗೈ ಬ್ಯಾಟ್ಸ್‌ಮನ್.

ಇಷ್ಟೆಲ್ಲ ಆಗಿ ಮತ್ತೆ ಗೋಡೆಗೇ ತಿರುಗಿದರೂ ಅಸಲು ಫಜೀತಿ ಸಂಜೆ ಏಳಕ್ಕೆ ಶುರುವಾಗುತ್ತದೆ. ಹುಡುಗ ಬಾಗಿಲು ಹಾಕಿ, ಕಿಟಕಿ ಮುಚ್ಚಿ, ಲೈಟ್ ಆರಿಸಿದ. ಒಳಗಿನಿಂದ ಅವ್ವ ಬಂದಳು.

"ದೀಪ ಹಚ್ಚೋ ಹೊತ್ನಾಗ ಮನಿ ಕತ್ಲ ಮಾಡ್ತಾರೇನಲೇ? ಬಾಗ್ಲ ಬ್ಯಾರೆ ಹಾಕೀಯ. ಲಕ್ಷ್ಮಿ ಬಂದಾಕಿ ಹಂಗೇ ಹೋಗ್ಲೇನು?"

"ಒಂದೆರ್ಡ್ ತಾಸು ಅಜ್ಜಿ."

"ಎರ್ಡ್ ತಾಸು ಹೊರಗ ನಿಂದ್ರಾಕ ಆಕಿ ಏನು ನಿನ್ನ ಫ್ರೆಂಡೇನು?"

ಬಾಗಿಲು ತೆರೆಯಿತು, ಟ್ಯೂಬ್‌ಲೈಟ್ ಹತ್ತಿತು, ಬೀದಿ ದೀಪ ಒಳಗೆ ಬಂತು. ಲಕ್ಷ್ಮಿ ಬಂದಳೋ ಇಲ್ಲವೋ, ಪಕ್ಕದ ಮನೆಯ ನಾಲ್ಕು ಮಕ್ಕಳಂತೂ ಬಂದವು. ಗೋಡೆಯ ಮೇಲಿದ್ದ ಸಿನಿಮಾ ಮಾತ್ರ ಹೋಯಿತು.

ಹೋಗದೆ ಏನು ಮಾಡೀತು? ಪ್ರೊಜೆಕ್ಟರಿಗೆ ಬೆಳಕು ಚೆಲ್ಲುವುದು ಗೊತ್ತು, ಕಪ್ಪು ಚೆಲ್ಲುವುದು ಗೊತ್ತಿಲ್ಲ. ಚಿತ್ರದಲ್ಲಿ ಕಪ್ಪು ಇರುವ ಕಡೆ ಅದು ಸುಮ್ಮನಿರುತ್ತದೆ, ಅಷ್ಟೇ. ಅಲ್ಲಿ ಗೋಡೆ ಹೇಗಿದೆಯೋ ಹಾಗೇ ಕಾಣುತ್ತದೆ. ಕೋಣೆ ಕತ್ತಲಾಗಿದ್ದರೆ ಕಪ್ಪು, ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಸುಣ್ಣ. 2018ರಲ್ಲಿ ಬಂದ ಕೆಜಿಎಫ್ ಸಿನಿಮಾ ತುಂಬ ಮಸಿ, ಧೂಳು, ಕತ್ತಲು. ಲೈಟ್ ಹಾಕಿದ ಪಡಸಾಲೆಯಲ್ಲಿ ಅದನ್ನು ಹಚ್ಚಿ ನೋಡಿ, ನರಾಚಿಯ ಚಿನ್ನದ ಗಣಿ ಸುಣ್ಣದ ಭಟ್ಟಿಯ ಹಾಗೆ ಕಾಣದಿದ್ದರೆ ಕೇಳಿ. ಎಷ್ಟು ಲುಮೆನ್ಸ್ ಕೊಂಡರೂ ಕತ್ತಲನ್ನು ಡಬ್ಬಿಯಲ್ಲಿ ಹಾಕಿ ಕಳಿಸುವುದಿಲ್ಲ.

ತಮಾಷೆ ಏನೆಂದರೆ, ಆ ಕತ್ತಲು ನಮ್ಮಲ್ಲಿ ಬೇಕಾದಷ್ಟಿತ್ತು. ಹಳೇ ಮೇಲ್ಮುದ್ದೆ ಮನೆಗಳಲ್ಲಿ ಮಟಮಟ ಮಧ್ಯಾಹ್ನವೂ ಗವಾಕ್ಷಿಯಿಂದ ಒಂದೇ ಒಂದು ಬಿಸಿಲುಕೋಲು ಇಳಿಯುತ್ತಿತ್ತು. ಜಾತ್ರೆಗೆ ಬಂದ ಟೂರಿಂಗ್ ಟಾಕೀಸಿನ ಟೆಂಟಿನ ಹಿಂದೆ ಆಯ್ದು ತಂದ ರೀಲಿನ ತುಂಡು, ಫ್ಯೂಸ್ ಹೋದ ಬಲ್ಬಿನ ಹೊಟ್ಟೆ ತೆಗೆದು ನೀರು ತುಂಬಿದ ಮಸೂರ, ಹೊರಗೆ ಬಿಸಿಲಿಗೆ ಕನ್ನಡಿ ಹಿಡಿದ ನನ್ನ ತಮ್ಮ. ಮುಗಿಯಿತು, ಹೋಮ್ ಥಿಯೇಟರ್ ರೆಡಿ. ಮಸೂರ ಚಿತ್ರವನ್ನು ತಲೆಕೆಳಗು ಮಾಡುವುದರಿಂದ ರೀಲನ್ನೇ ತಲೆಕೆಳಗೆ ಹಿಡಿಯಬೇಕು, ಆಗ ರಾಜಕುಮಾರ್ ನೆಟ್ಟಗೆ ನಿಲ್ಲುತ್ತಿದ್ದರು. ಹೊರಗಿದ್ದ ತಮ್ಮ ಅರ್ಧಕ್ಕೇ ಕೈ ನೋವೆಂದು ಅಳುತ್ತಿದ್ದ. ಇವತ್ತಿನ ಡಿಎಲ್‌ಪಿ ಪ್ರೊಜೆಕ್ಟರಿನಲ್ಲಿ ಅವನ ಕೆಲಸ ಮಾಡುವುದು ಒಂದು ಚಿಪ್ಪು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಕಂಡುಹಿಡಿದದ್ದು. ಉಗುರಗಲದ ಜಾಗದಲ್ಲಿ ಲಕ್ಷಗಟ್ಟಲೆ ಕನ್ನಡಿ, ಒಂದೊಂದೂ ಸೆಕೆಂಡಿಗೆ ಸಾವಿರಾರು ಸಲ ವಾಲುತ್ತದೆ, ಒಂದೂ ಅಳುವುದಿಲ್ಲ. ಆಗ ಕತ್ತಲಿತ್ತು, ಡಬ್ಬಿ ಇರಲಿಲ್ಲ. ಈಗ ಆರ್‌ಸಿಸಿ ಮನೆ, ನಾಲ್ಕು ಕಡೆ ಗಾಜಿನ ಕಿಟಕಿ, ಡಬ್ಬಿ ಮಾತ್ರ ಇದೆ.

ಹೇಗೋ ಎಂಟೂವರೆಗೆ ಲೈಟ್ ಆರಿತೆನ್ನಿ. ಆಗ ಹುಳ ಬರುತ್ತವೆ. ಹಗರಿಬೊಮ್ಮನಹಳ್ಳಿಯ ಕಡೆ ತುಂಗಭದ್ರೆಯ ಹಿನ್ನೀರಿಗೆ ಅಂಟಿಕೊಂಡ ಊರುಗಳವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮಸೂರದ ಹತ್ತಿರ ಹಾರಿದ ಸೊಳ್ಳೆಯ ನೆರಳು ಗೋಡೆಯಲ್ಲಿ ಹದ್ದಿನಷ್ಟಾಗುತ್ತದೆ. ಆ ತಾಲ್ಲೂಕಿನ ಅಂಕಸಮುದ್ರದ ಪಕ್ಷಿಧಾಮ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿ ಲೋಕಪ್ರಸಿದ್ಧವಾಯಿತು, ನಿಜ. ಆದರೆ ಅಲ್ಲಿನ ಹಕ್ಕಿಗಳು ನಮ್ಮ ಪಡಸಾಲೆಗೆ ನೈಟ್ ಡ್ಯೂಟಿಗೆ ಬರುವುದಿಲ್ಲ. ಆ ಕೆಲಸ ಹಲ್ಲಿಯದು. ಟ್ಯೂಬ್‌ಲೈಟಿನ ಹಿಂದೆ ಇದ್ದದ್ದು ಮೆಲ್ಲಗೆ ಪರದೆಗೆ ಇಳಿಯಿತು. ನಾಯಕ ನಾಯಕಿಗೆ ಮನಸ್ಸು ಬಿಚ್ಚಿ ಹೇಳುವ ಹೊತ್ತು, ಅವನ ಕೆನ್ನೆಯ ಮೇಲೊಂದು ಪತಂಗ. ಹಲ್ಲಿ ಅವಳ ಕಿವಿಯಿಂದ ಹೊರಟು ಮೂಗು ದಾಟಿ, ಅವನ ಗದ್ದದ ಬಳಿ ನಿಂತು, ಬಾಲ ಒಮ್ಮೆ ಕೊಂಕಿಸಿ, ಟಪ್ಪೆಂದು ಹಿಡಿಯಿತು. ಮನೆಮಂದಿಯೆಲ್ಲ ಚಪ್ಪಾಳೆ. ಅದು ಲೊಚಗುಟ್ಟಿದಾಗ ಅವ್ವ ನೆಲ ತಟ್ಟಿ, "ನೋಡು, ಹಲ್ಲೀನೂ ಹೂಂ ಅಂತು. ಈ ಮದಿವಿ ಆಕ್ಕೇತಿ" ಎಂದಳು. ಸಿನಿಮಾದ ಕೊನೆ ಮೊದಲೇ ಗೊತ್ತಾಗಿಹೋಯಿತು.

ಇನ್ನು ಗೇಮಿನ ಕಥೆ. ಹುಡುಗ ಕ್ರಿಕೆಟ್ ಗೇಮ್ ಹಾಕಿದ. ಗುಂಡಿ ಒತ್ತಿದ್ದು ಈಗ, ಬ್ಯಾಟ್ ಬೀಸಿದ್ದು ಸ್ಟಂಪ್ ಹಾರಿದ ಮೇಲೆ. ಇದನ್ನು ಲ್ಯಾಗ್ ಅನ್ನುತ್ತಾರೆ. ಬಂದ ಚಿತ್ರವನ್ನು ಹಿಗ್ಗಿಸಿ, ತಿದ್ದಿ, ಆಮೇಲೆ ಗೋಡೆಗೆ ಹಾಕಲು ಡಬ್ಬಿಗೆ ಹೊತ್ತು ಬೇಕು. ಗೇಮಿಗೆಂದೇ ಮಾಡಿದ ಪ್ರೊಜೆಕ್ಟರಾದರೆ 16 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತದೆ. ಅಗ್ಗದ್ದು 100 ಮಿಲಿಸೆಕೆಂಡ್ ತಗೊಂಡರೆ ಆಶ್ಚರ್ಯವಿಲ್ಲ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಅಷ್ಟರಲ್ಲಿ ಸುಮಾರು 4 ಮೀಟರ್ ದಾಟಿರುತ್ತದೆ. ಡಬ್ಬಿಯನ್ನು ಓರೆಯಾಗಿಟ್ಟು ಚಿತ್ರವನ್ನು ಕೀಸ್ಟೋನ್‌ನಿಂದ ಚೌಕ ಮಾಡಿದರೆ ಎಷ್ಟೋ ಡಬ್ಬಿಗಳು ಇನ್ನಷ್ಟು ಹೊತ್ತು ತಿನ್ನುತ್ತವೆ. ಹಾಗಾಗಿ ಗೋಡೆಗೆ ನೇರ ಇಡಿ, ಗೇಮ್ ಮೋಡ್ ಹಾಕಿ, ಕೀಸ್ಟೋನ್ ತೆಗೆಯಿರಿ. ಬ್ಲೂಟೂತ್ ಸ್ಪೀಕರಿನದು ಇನ್ನೊಂದು ತಡ, ವೈರ್ ಹಾಕಿದರೆ ಅದೂ ಹೋಗುತ್ತದೆ. ಕೂಡ್ಲಿಗಿ ಕಡೆಯ ಹುಡುಗರಿಗೆ ಮಾತ್ರ ಈ ಖರ್ಚು ಯಾಕೋ ತಿಳಿಯದು. ಗುಡೇಕೋಟೆ ಕರಡಿಧಾಮದ ಅಂಚಿನ ಶೇಂಗಾ ಹೊಲದಲ್ಲಿ ಒಂದು ರಾತ್ರಿ ಕಾವಲಿಗೆ ಕೂತರೆ ಸಾಕು. ಅಲ್ಲಿ ಲ್ಯಾಗ್ ಇಲ್ಲ.

ಲೈವ್ ಮ್ಯಾಚಿನ ತಡ ಇದಕ್ಕಿಂತ ಖಾರ. 2025ರ ಜೂನ್ 3ರಂದು ಆರ್‌ಸಿಬಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿ ಮೊದಲ ಸಲ ಐಪಿಎಲ್ ಕಪ್ ಗೆದ್ದಿತಲ್ಲ, ಇಂಟರ್ನೆಟ್ಟಿನಲ್ಲಿ ನೋಡುವವರಿಗೆ ಆ ಸುದ್ದಿ ಕೊಟ್ಟದ್ದು ಗೋಡೆಯಲ್ಲ, ಪಕ್ಕದ ಮನೆಯ ಡಿಶ್ ಟೀವಿಯವರ ಕೇಕೆ.

ಇಷ್ಟು ದೊಡ್ಡ ಚಿತ್ರ ಮನೆಯಲ್ಲಿದ್ದರೆ ಅದು ಮನೆಯಾಗಿ ಉಳಿಯುತ್ತದೆಯೇ? ಓಣಿಯೇ ಬಂತು. ಕೊಟ್ಟೂರು ಅಂದಮೇಲೆ ಮಿರ್ಚಿ ಮಂಡಕ್ಕಿ ಇಲ್ಲದೆ ಕೂರುವುದುಂಟೇ? ಎಣ್ಣೆಗೈ ರಿಮೋಟಿಗೆ, ರಿಮೋಟು ಎಲ್ಲರ ಕೈಗೆ. ಮೈಲಾರದ ಕಾರಣಿಕದಲ್ಲಿ ಬಿಲ್ಲೇರಿದ ಗೊರವಯ್ಯ "ಸದ್ದಲೇ" ಎಂದರೆ ಅಷ್ಟು ದೊಡ್ಡ ಜನಸಾಗರ ಗಪ್ಪಾಗುತ್ತದೆ. ಇಲ್ಲಿ ನಮ್ಮಣ್ಣ ಎಷ್ಟು ಸಲ ಸದ್ದಲೇ ಎಂದರೂ ಮಂಡಕ್ಕಿಯ ಸದ್ದೂ ನಿಲ್ಲಲಿಲ್ಲ. ಹಡಗಲಿಯಿಂದ ಬಂದ ಬೀಗರು ಮಾತ್ರ ಒಂಬತ್ತಕ್ಕೇ ಗೊರಕೆ. ಮಲ್ಲಿಗೆ ತೋಟದವರು, ಬೆಳಗಿನ ಜಾವ ಎದ್ದು ಮೊಗ್ಗು ಬಿಡಿಸುವ ರೂಢಿ, ಅವರಿಗೆ ಯಾವ ಸಿನಿಮಾದ್ದೂ ಇಂಟರ್ವಲ್ ನಂತರದ ಕಥೆ ಗೊತ್ತಿಲ್ಲ. ಸೀರಿಯಲ್ಲಿನ ಹೊತ್ತಾಯಿತೆಂದು ಹೆಣ್ಣುಮಕ್ಕಳು ಡಬ್ಬಿ ವಶಪಡಿಸಿಕೊಂಡರು. ಏಳಡಿ ಅಗಲದ ಅತ್ತೆ ಗೋಡೆ ತುಂಬ ಕಣ್ಣು ಬಿಟ್ಟಳು. ನಮ್ಮ ಅತ್ತಿಗೆ ಗೋಡೆಯನ್ನೊಮ್ಮೆ, ಅವ್ವನನ್ನೊಮ್ಮೆ ನೋಡಿ ಸುಮ್ಮನೆ ಒಳಗೆ ಹೋದಳು.

ಜನ ಸೇರಿದ್ದು ಕಂಡು ಹುಡುಗನಿಗೆ ದುಡ್ಡಿನ ಆಸೆ ಹುಟ್ಟಿತು. ತಲೆಗೆ ಹತ್ತು ರೂಪಾಯಿ ಇಡೋಣವೇ ಎಂದ. ಬೇಡಪ್ಪ ಎಂದೆ. ಮನೆಮಂದಿ ನೋಡಿದರೆ ಕಾಲಕ್ಷೇಪ, ಟಿಕೆಟ್ ಹರಿದರೆ ಟಾಕೀಸು. ಟಾಕೀಸಿಗೆ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು, ಸಿನಿಮಾದ ಹಕ್ಕಿನವರ ಅನುಮತಿ ಬೇರೆ. ಮನೆಮಂದಿಗೆ ತೋರಿಸುವುದಾದರೆ 'ಕೊಟ್ರೇಶಿ ಕನಸು' ಹುಡುಕು ಎಂದೆ. ನಮ್ಮೂರಿನವರೇ ಆದ ಕುಂ. ವೀರಭದ್ರಪ್ಪನವರ ಕಥೆ, ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶನ, ಬಾಲನಟ ವಿಜಯ ರಾಘವೇಂದ್ರನಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಚಿತ್ರ. ಕೊಟ್ರೇಶಿ ಎಂದು ಕೂಗಿದರೆ ಅರ್ಧ ಓಣಿ 'ಹಾಂ' ಅನ್ನುವ ಊರಿನಲ್ಲಿ ಅದನ್ನು ನೋಡದೆ ಇನ್ನೆಲ್ಲಿ ನೋಡುವುದು?

ಅಂದು ರಾತ್ರಿ ಕೊನೆಗೂ ಪೂರಾ ಕತ್ತಲಾಯಿತು. ಗೋಡೆ ಕಾಣದಷ್ಟು, ಪಕ್ಕದವರ ಮೂಗು ಕಾಣದಷ್ಟು ಕತ್ತಲು. ಪ್ರೊಜೆಕ್ಟರಿಗೆ ಇಂಥದೇ ಬೇಕಿತ್ತು. ಆದರೆ ಕತ್ತಲಾದದ್ದು ಕರೆಂಟ್ ಹೋದದ್ದರಿಂದ.

ಹಾಗಾದರೆ ತಗೊಳ್ಳೋದೋ ಬೇಡವೋ ಅಂತೀರಾ? ತಗೊಳ್ಳಿ. ಆನ್ಸಿ ಲುಮೆನ್ಸ್ ಸಾವಿರದ ಮೇಲಿರಲಿ, ನೇಟಿವ್ 1080ಪಿ ಇರಲಿ, ಗೇಮ್ ಆಡುವವರಿದ್ದರೆ ಲ್ಯಾಗ್ ಎಷ್ಟೆಂದು ಕೇಳಿ ತಿಳಿಯಿರಿ, ಇನ್ವರ್ಟರ್ ಇರಲಿ. ಬಹಳಷ್ಟು ಡಬ್ಬಿಗಳು 40 ಡಿಗ್ರಿಯವರೆಗಿನ ಸೆಕೆಗಷ್ಟೇ ಮಾಡಿದವು, ನಮ್ಮ ಮೇ ತಿಂಗಳು ಅದನ್ನು ಮುಟ್ಟುವುದುಂಟು, ಮಧ್ಯಾಹ್ನ ಹಚ್ಚಬೇಡಿ. ಇದೆಲ್ಲಕ್ಕಿಂತ ಮೊದಲು ಮನೆಯ ಹಿರಿಯರ ಹತ್ತಿರ ಕೂತು, ದೀಪ ಹಚ್ಚಿದ ಮೇಲೆ ಎರಡು ತಾಸು ಕತ್ತಲಿಗೆ ಒಪ್ಪಿಗೆ ಪಡೆಯಿರಿ. ಅವರು ಒಪ್ಪದಿದ್ದರೆ 43 ಇಂಚಿನ ಟೀವಿಯೇ ಸಾಕು. ಅದಕ್ಕೆ ಟ್ಯೂಬ್‌ಲೈಟೂ ಅಡ್ಡಿಯಲ್ಲ, ಲಕ್ಷ್ಮಿಯೂ ಅಡ್ಡಿಯಲ್ಲ, ಅಜ್ಜನ ಫೋಟೋ ಇಳಿಸುವ ಕೆಲಸವೂ ಇಲ್ಲ.