ಪೆಟ್ಟಿಗೆಯಲ್ಲೋ, ಕಿಸೆಯಲ್ಲೋ?

ಪರದೇಶಕ್ಕೆ ಹೋದ ಮನುಷ್ಯನು ತನ್ನ ಪಾಸ್‌ಪೋರ್ಟನ್ನು ಹೊತ್ತು ಗೊತ್ತಿಲ್ಲದೆ ಮೈಮೇಲೆಯೇ ಇಟ್ಟುಕೊಂಡು ತಿರುಗತಕ್ಕದ್ದೋ, ಇಲ್ಲವೆ ಇಳಿದುಕೊಂಡ ಮನೆಯ ಪೆಟ್ಟಿಗೆಯಲ್ಲಿ ಅದನ್ನು ಭದ್ರಪಡಿಸಿ ಕೈಬೀಸಿಕೊಂಡು ಊರು ನೋಡಲು ಹೊರಡಬಹುದೋ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಅಲ್ಪವಾದುದೆಂದು ತೋರಿದರೂ, ಅದನ್ನು ಕುರಿತು ನಮ್ಮವರು ನಡೆಸುವ ವಾಗ್ವಾದವನ್ನು ಒಮ್ಮೆ ಕೇಳಿದವರಿಗೆ, ಮತತ್ರಯದ ಆಚಾರ್ಯರು ಇದೊಂದು ವಿಷಯಕ್ಕೆ ಮಾತ್ರ ಭಾಷ್ಯ ಬರೆಯದೆ ಏಕೆ ಉಳಿದರೆಂದು ಆಶ್ಚರ್ಯವಾಗದೆ ಇರದು. ಆಚಾರ್ಯರು ಬರೆಯದಿದ್ದರೇನಂತೆ, ಮತಗಳು ಮಾತ್ರ ಮೂರು ತಾವಾಗಿಯೇ ಹುಟ್ಟಿಕೊಂಡಿವೆ. ಮೊದಲನೆಯವರು ಪೆಟ್ಟಿಗೆವಾದಿಗಳು: ಅಮೂಲ್ಯವಾದ ವಸ್ತುವು ಬೀದಿಗೆ ಬರಬಾರದು, ಅದರ ಸ್ಥಾನವು ಪೆಟ್ಟಿಗೆಯ ತಳದಲ್ಲಿ, ಮಡಿಸಿದ ಬನಿಯನ್ನುಗಳ ಕೆಳಗೆ, ಎಂಬುದು ಇವರ ಸಿದ್ಧಾಂತ. ಎರಡನೆಯವರು ಕಿಸೆವಾದಿಗಳು: ಕೇಳಿದಾಗ ತೋರಿಸಲಾಗದ ಪತ್ರವು ಇದ್ದರೂ ಇಲ್ಲದಂತೆಯೇ ಎಂದು ಇವರು ಸಾಧಿಸುತ್ತಾರೆ. ಮೂರನೆಯವರು ನಕಲುವಾದಿಗಳು. ಇವರದು ಅಪ್ಪಟ ಅದ್ವೈತ; ಅಸಲಿಗೂ ನಕಲಿಗೂ ತೋರುವ ಭೇದವೆಲ್ಲ ಅಜ್ಞಾನಮೂಲವಾದುದು, ಪರಮಾರ್ಥದಲ್ಲಿ ಎರಡೂ ಒಂದೇ, ಆದುದರಿಂದ ಅಸಲನ್ನು ಪೆಟ್ಟಿಗೆಯಲ್ಲಿಟ್ಟು ಜೆರಾಕ್ಸನ್ನು ಜೇಬಿನಲ್ಲಿಟ್ಟುಕೊಂಡವನಿಗೆ ಇಹಪರಗಳೆರಡರಲ್ಲಿಯೂ ಭಯವಿಲ್ಲ ಎನ್ನುತ್ತಾರೆ. ತಾಲ್ಲೂಕು ಕಚೇರಿಯ ಎದುರಿಗೆ ಕಾಫಿ ಹೋಟೆಲಿಗಿಂತ ಮೊದಲು ಜೆರಾಕ್ಸ್ ಅಂಗಡಿ ತಲೆಯೆತ್ತುವ ನಮ್ಮ ನಾಡಿನಲ್ಲಿ, ಗೆಜೆಟೆಡ್ ಅಧಿಕಾರಿಯ ಹಸಿರು ಶಾಯಿಯ ಒಂದು ರುಜು ಬಿದ್ದೊಡನೆ ನಕಲಿಗೆ ಪ್ರಾಣಪ್ರತಿಷ್ಠೆಯಾಗುವ ಸಂಪ್ರದಾಯದಲ್ಲಿ ಬೆಳೆದವರಿಗೆ, ಈ ಮತವು ಹುಟ್ಟಿನೊಂದಿಗೇ ಬಂದಿರುತ್ತದೆ.

ಮಗಳ ಸಂಸಾರವನ್ನು ನೋಡಿ ಬರೋಣವೆಂದು ನಾನೂ ನನ್ನ ಮನೆಯವರೂ ಟೋಕಿಯೊ ನಗರಕ್ಕೆ ಹೋಗಿ, ಎದೊಗಾವಾ ವಾರ್ಡಿನ ನಿಶಿ-ಕಾಸಾಯ್ ಎಂಬ ಬಡಾವಣೆಯಲ್ಲಿ ಇಳಿದುಕೊಂಡಾಗ, ಈ ಮೂರು ಮತಗಳೂ ಒಂದೇ ಸೂರಿನ ಕೆಳಗೆ ಸೇರಿಕೊಂಡುವು. ಕಂಪ್ಯೂಟರ್ ಕೆಲಸಕ್ಕೆಂದು ಹೋದ ನಮ್ಮ ದೇಶದವರು ಗುಂಪುಗುಂಪಾಗಿ ನೆಲಸಿರುವುದರಿಂದ, ಬೇಳೆಯೂ ಹುಣಿಸೆಹಣ್ಣೂ ಸಾಂಬಾರುಪುಡಿಯೂ ಸಿಕ್ಕುವ ಆ ಬಡಾವಣೆಯಲ್ಲಿ ಮನುಷ್ಯನಿಗೆ ತಾನು ಪರದೇಶಿ ಎಂಬುದೇ ಮರೆತುಹೋಗುವ ಅಪಾಯವುಂಟು. ಆ ಮರವೆಯು ನನಗೆ ಬಾರದಂತೆ ನೋಡಿಕೊಂಡವರು ನಮ್ಮ ಅಳಿಯಂದಿರು. ಹೋದ ಮರುದಿನ ಬೆಳಗ್ಗೆ ನಾನು ವಾಯುವಿಹಾರಕ್ಕೆಂದು ಕೆರವು ಮೆಟ್ಟುತ್ತಿದ್ದಂತೆಯೇ ಅವರು, "ಮಾವ, ಪಾಸ್‌ಪೋರ್ಟ್ ಇಟ್ಕೊಂಡ್ರಾ?" ಎಂದು ಕೇಳಿದರು. "ಅಲ್ಲಪ್ಪ, ಹಾಲು ತರೋ ದಾರೀಲಿ ಯಾವ ದೇಶದ ಗಡಿ ಬರತ್ತೆ?" ಎಂದು ನನ್ನ ಮನೆಯವರು ಒಳಗಿನಿಂದಲೇ ಪೂರ್ವಪಕ್ಷವನ್ನು ಮಂಡಿಸಿದರು. ಮಗಳು ಮೊಬೈಲಿನಲ್ಲಿ ಪಾಸ್‌ಪೋರ್ಟಿನ ಭಾವಚಿತ್ರವನ್ನು ತೋರಿಸಿ, ಇದು ಸಾಲದೇ ಎಂದಳು.

ಸಾಲದು ಎಂಬುದು ಅಳಿಯಂದಿರ ಉತ್ತರ; ಅವರ ಬೆನ್ನಿಗೆ ಜಪಾನಿನ ಕಾನೂನು ನಿಂತಿತ್ತು. ಆ ದೇಶದ ವಲಸೆ ನಿಯಂತ್ರಣ ಕಾನೂನಿನ 23ನೆಯ ವಿಧಿಯಂತೆ, ಪ್ರವಾಸಿಯಾಗಿ ಬಂದ ವಿದೇಶೀಯನು ತನ್ನ ಪಾಸ್‌ಪೋರ್ಟನ್ನು ಸದಾಕಾಲವೂ ಸಂಗಡವಿರಿಸಿಕೊಂಡಿದ್ದು, ಪೋಲೀಸಿನವರು ಕರ್ತವ್ಯನಿಮಿತ್ತವಾಗಿ ಕೇಳಿದಾಗ ತೋರಿಸತಕ್ಕದ್ದು. ತಪ್ಪಿದಲ್ಲಿ ಒಂದು ಲಕ್ಷ ಯೆನ್‌ವರೆಗೆ ದಂಡ. ಅಳಿಯಂದಿರಂತೆ ಅಲ್ಲಿಯೇ ಉದ್ಯೋಗದಲ್ಲಿರುವವರಿಗೆ 2012ರಿಂದ ಝೈರ್ಯೂ ಕಾರ್ಡೆಂಬ ನಿವಾಸದ ಚೀಟಿಯೊಂದನ್ನು ಕೊಡುತ್ತಾರೆ. ಅದು ಜೇಬಿನಲ್ಲಿದ್ದರೆ ಪಾಸ್‌ಪೋರ್ಟಿನ ಅಗತ್ಯವಿಲ್ಲ, ಆದರೆ ಅದಿಲ್ಲದೆ ಸಿಕ್ಕಿಬಿದ್ದರೆ ದಂಡವು ಎರಡು ಲಕ್ಷದವರೆಗೆ ಏರುತ್ತದೆ. ಹದಿನಾರು ತುಂಬದ ಮಕ್ಕಳಿಗೆ ಇದಾವುದೂ ಇಲ್ಲ. ನಮ್ಮ ಮೊಮ್ಮಗನು ಇಡೀ ಮನೆಯಲ್ಲಿ ತಾನೊಬ್ಬನೇ ನಿರಾಯುಧನಾಗಿ ಬೀದಿಗಿಳಿಯಬಲ್ಲ ಸ್ವತಂತ್ರಜೀವಿಯೆಂದು ಬೀಗುತ್ತಿದ್ದನು. ನಕಲಿನ ವಿಷಯದಲ್ಲಿ ಜಪಾನಿನ ಪೋಲೀಸ್ ಇಲಾಖೆಯು ಶುದ್ಧ ದ್ವೈತಮತಕ್ಕೆ ಸೇರಿದುದು: ಅಸಲಿಗೂ ನಕಲಿಗೂ ಭೇದವು ನಿತ್ಯ, ಭೇದವು ಸತ್ಯ, ನಮ್ಮ ಯಾವ ಗೆಜೆಟೆಡ್ ಅಧಿಕಾರಿಯ ಹಸಿರು ಶಾಯಿಯೂ ಅದನ್ನು ಅಳಿಸಲಾರದು. ಲಕ್ಷವೆಂಬ ಮಾತು ಕಿವಿಗೆ ಬಿದ್ದೊಡನೆ ನನ್ನ ಮನೆಯವರು, ಅದು ಯಾವ ನಾಣ್ಯದ ಲಕ್ಷವೆಂದು ಸಹ ವಿಚಾರಿಸದೆ, ಕುರ್ಚಿಯ ಮೇಲೆ ಕುಳಿತರು.

ಆದರೂ ಪೆಟ್ಟಿಗೆವಾದವು ಅಷ್ಟಕ್ಕೆ ಸೋಲತಕ್ಕದ್ದಲ್ಲ. "ಕಳೆದುಹೋದ್ರೆ?" ಎಂಬ ಅದರ ಬ್ರಹ್ಮಾಸ್ತ್ರವು ಮತ್ತೆಲ್ಲಿಯಾದರೂ ಆಗಿದ್ದರೆ ಗುರಿಮುಟ್ಟುತ್ತಿತ್ತು, ದುರದೃಷ್ಟವಶಾತ್ ನಾವಿದ್ದುದು ಟೋಕಿಯೊ ನಗರದಲ್ಲಿ. ಜನರು ಬೀದಿಯಲ್ಲಿ, ರೈಲಿನಲ್ಲಿ ಬಿಟ್ಟುಹೋಗಿ ಪೋಲೀಸರ ಕೈಸೇರುವ ವಸ್ತುಗಳು ಆ ಒಂದು ನಗರದಲ್ಲಿ ವರ್ಷಕ್ಕೆ ನಲವತ್ತು ಲಕ್ಷವನ್ನು ಮೀರುತ್ತವೆ. ಕೊಡೆಯೂ ಕೈಚೀಲವೂ ದುಡ್ಡು ತುಂಬಿದ ಪರ್ಸೂ ಯಾರೋ ಪುಣ್ಯಾತ್ಮರ ಕೈಯಿಂದ ಕೋಬಾನ್ ಎಂಬ ಬೀದಿಯ ಪೋಲೀಸ್ ಚೌಕಿಯನ್ನು ಸೇರಿ, ಅಲ್ಲಿಂದ ಈದಾಬಾಶಿಯ ದೊಡ್ಡ ಉಗ್ರಾಣಕ್ಕೆ ಹೋಗಿ, ಒಡೆಯನಿಗಾಗಿ ಸಂಖ್ಯೆ ಕಟ್ಟಿಸಿಕೊಂಡು ಕಾದಿರುತ್ತವೆ. ಹೀಗೆ ಯಾವ ಚೌಕಿಯವನು ಪಾಸ್‌ಪೋರ್ಟನ್ನು ತೋರಿಸೆಂದು ತಡೆಯುತ್ತಾನೆಯೋ, ಕಳೆದರೆ ಅದನ್ನು ತಂದುಕೊಡುವವನೂ ಅವನೇ ಆಗಿರುವಾಗ, ಕಳೆದೀತೆಂಬ ಹೆದರಿಕೆಯಿಂದ ಅದನ್ನು ಮನೆಯಲ್ಲಿ ಬಿಡುವುದು ತರ್ಕಶಾಸ್ತ್ರಕ್ಕೆ ಸಮ್ಮತವಲ್ಲವೆಂದು ಅಳಿಯಂದಿರು ವಾದಿಸಿದರು. ಅತ್ತೆಯವರೊಡನೆ ತರ್ಕಶಾಸ್ತ್ರವನ್ನು ಪ್ರಯೋಗಿಸುವುದು ಯುಕ್ತವೇ ಎಂಬುದನ್ನು ಮಾತ್ರ ಅವರು ವಿಚಾರಿಸಿರಲಿಲ್ಲ.

ಅಂತೂ ಪಾಸ್‌ಪೋರ್ಟು ನನ್ನ ಕೋಟಿನ ಜೇಬನ್ನು ಸೇರಿತು, ಸೇರಿದುದು ವ್ಯರ್ಥವಾಗಲಿಲ್ಲ. ಬೈಸಿಕಲ್ಲಿನ ಮೇಲೆ ನನಗೆ ಚಿಕ್ಕಂದಿನಿಂದಲೂ ಇರುವ ವ್ಯಾಮೋಹದಿಂದಾಗಿ, ನಿಲ್ದಾಣದ ಪಕ್ಕದಲ್ಲಿ ಸಾಲುಸಾಲಾಗಿ ನಿಲ್ಲಿಸಿದ್ದ ಸೈಕಲ್ಲುಗಳ ಬುಟ್ಟಿ, ಬೆಲ್ಲು, ಮಗುವನ್ನು ಕೂರಿಸುವ ಪೀಠ, ಚೌಕಟ್ಟಿನ ಮೇಲೆ ಅಂಟಿಸಿದ ನೋಂದಣಿಯ ಚೀಟಿ ಇವುಗಳನ್ನು ಒಂದೊಂದಾಗಿ ಬಾಗಿ ಪರಿಶೀಲಿಸುತ್ತ ನಾನು ಸಾಗುತ್ತಿದ್ದಾಗ, ಇಬ್ಬರು ಪೋಲೀಸರು ಬಂದು ಅತ್ಯಂತ ವಿನಯದಿಂದ ತಲೆಬಾಗಿಸಿ ನನ್ನನ್ನು ತಡೆದರು. ಪರರ ಸೈಕಲ್ಲಿನ ಬೀಗವನ್ನು ಇಷ್ಟು ಆಸಕ್ತಿಯಿಂದ ನೋಡುವ ವೃದ್ಧನ ವಿಷಯದಲ್ಲಿ ಅವರಿಗೆ ಕುತೂಹಲವುಂಟಾದುದು ಸಹಜವೇ. ಕಿರಿಯವನು ತನ್ನ ಯಂತ್ರಕ್ಕೆ ಏನನ್ನೋ ಹೇಳಿದನು. ಯಂತ್ರವು ನನ್ನೊಡನೆ ಹಿಂದಿಯಲ್ಲಿ ಮಾತನಾಡಿತು. ಆ ಹಿಂದಿಯು ನನಗೆ ಅರ್ಥವಾಗಲಿಲ್ಲ. ನಾನು ಕೊಟ್ಟ ಹಿಂದಿಯ ಉತ್ತರವು ಯಂತ್ರಕ್ಕೆ ಅರ್ಥವಾಗಲಿಲ್ಲ. ಹೀಗೆ ಸಮಾನರಾದ ಮೇಲೆ ನಾನು ಪಾಸ್‌ಪೋರ್ಟನ್ನು ತೆಗೆದು ಎರಡೂ ಕೈಗಳಿಂದ ಕೊಟ್ಟೆನು, ಅವನು ಎರಡೂ ಕೈಗಳಿಂದ ತೆಗೆದುಕೊಂಡನು.

ನಮ್ಮ ಹೆಸರಿನ ಹಿಂದಿನ ಅಕ್ಷರಗಳನ್ನು ಬಿಡಿಸಿ ಬರೆಯುವ ಪಾಸ್‌ಪೋರ್ಟ್ ಪದ್ಧತಿಯಿಂದಾಗಿ, ಮನೆತನದ ಹೆಸರಿನ ಕಲಮಿನಲ್ಲಿ ನಮ್ಮ ಊರಾದ ತಿಪಟೂರು ಹೋಗಿ ಕುಳಿತಿದೆ. ಅವನು ಭಾವಚಿತ್ರವನ್ನೂ ನನ್ನನ್ನೂ ಹೋಲಿಸಿ ನೋಡಿದನು. ದೇಶದೊಳಕ್ಕೆ ಬಿಟ್ಟುಕೊಂಡ ಚೀಟಿಯನ್ನು ಅಂಟಿಸಿದ ಪುಟವನ್ನು ಹುಡುಕಿ ತಾರೀಖನ್ನು ಎಣಿಸಿದನು. ಕೊನೆಗೆ ಪುಸ್ತಕವನ್ನು ಹಿಂದಿರುಗಿಸಿ, ಸೊಂಟದವರೆಗೆ ಬಾಗಿ, "ಚಿಪುತೂರು-ಸಾನ್" ಎಂದು ಕ್ಷಮೆ ಬೇಡಿದನು. ತೆಂಗಿಗೂ ಕೊಬ್ಬರಿಗೂ ಹೆಸರಾದ ಒಂದು ಇಡೀ ತಾಲ್ಲೂಕಿನ ಪರವಾಗಿ ನಾನು ಆ ನಮಸ್ಕಾರವನ್ನು ಸ್ವೀಕರಿಸಿದೆನು.

ಈ ಪ್ರಸಂಗವಾದ ಮೇಲೆ ನಾನು ಆ ನೀಲಿ ಪುಸ್ತಕವನ್ನು ಮೊದಲ ಬಾರಿಗೆ ಗಮನವಿಟ್ಟು ಓದಿದೆನು. ಅದರ ಒಳಪುಟದಲ್ಲಿ ಭಾರತ ಗಣರಾಜ್ಯದ ರಾಷ್ಟ್ರಪತಿಗಳ ಹೆಸರಿನಲ್ಲಿ, ಈ ಪತ್ರವನ್ನು ಹೊತ್ತವನನ್ನು ಅಡ್ಡಿ ಆತಂಕಗಳಿಲ್ಲದೆ ಹೋಗಗೊಡಬೇಕೆಂದೂ ಅವನಿಗೆ ಬೇಕಾದ ನೆರವನ್ನೂ ರಕ್ಷಣೆಯನ್ನೂ ಕೊಡಬೇಕೆಂದೂ ಸಂಬಂಧಪಟ್ಟವರೆಲ್ಲರನ್ನೂ ಕೇಳಿಕೊಂಡಿದೆ. ಬ್ಯಾಂಕಿನ ಗುಮಾಸ್ತನಿಂದ ಒಂದು ಶಿಫಾರಸು ಪತ್ರವನ್ನು ಪಡೆಯಲು ಮೂರು ಸಲ ಅಲೆಯುವ ನಾವು, ರಾಷ್ಟ್ರಪತಿಗಳೇ ಕೊಟ್ಟ ಶಿಫಾರಸನ್ನು ಬನಿಯನ್ನುಗಳ ಕೆಳಗೆ ಹೂತಿಟ್ಟು, ಶಿಫಾರಸಿಲ್ಲದವರಂತೆ ಪರದೇಶದ ಬೀದಿಯಲ್ಲಿ ನಿಲ್ಲುವುದು ಎಂತಹ ವೈಚಿತ್ರ್ಯ! ಅದೂ ಅಲ್ಲದೆ, 1967ರ ಪಾಸ್‌ಪೋರ್ಟ್ ಕಾಯಿದೆಯ ಮೇರೆಗೆ ಈ ಪುಸ್ತಕವು ಸರ್ವಕಾಲದಲ್ಲಿಯೂ ಕೇಂದ್ರ ಸರ್ಕಾರದ ಸ್ವತ್ತು. ನಾವು ಅದರ ಒಡೆಯರಲ್ಲ. ಅದನ್ನು ಲೋಕದಲ್ಲೆಲ್ಲ ಸುತ್ತಾಡಿಸಿಕೊಂಡು ಬರಲು ಸಂಬಳವಿಲ್ಲದೆ ನೇಮಕಗೊಂಡ ಜವಾನರು.

ಈ ಜವಾನಗಿರಿಯು ಹೊಸದೇನೂ ಅಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಗರಿಗಳ ನಡುವೆ ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾಗಿ ಲೋಕವನ್ನೇ ಬೆರಗುಗೊಳಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯೊಬ್ಬನಿದ್ದಾನೆ. ಒಂದು ಮಾಷವನ್ನು ತೆಗೆದುಕೊಂಡು ರಹದಾರಿಯ ಮುದ್ರೆಯನ್ನು ಕೊಡುವುದು ಅವನ ಕೆಲಸ. ಮುದ್ರೆಯಿಲ್ಲದೆ ಓಡಾಡಿದ ಸ್ವದೇಶೀಯನಿಗೆ ಹನ್ನೆರಡು ಪಣ ದಂಡ. ಖೋಟಾ ಮುದ್ರೆಯನ್ನು ತೋರಿಸಿದವನು ಪರದೇಶೀಯನಾಗಿದ್ದರೆ ಶಿಕ್ಷೆಯು ಇನ್ನೂ ಘೋರ. ಇನ್ನು, ನಮ್ಮ ಹಂಪೆಯ ಸೀಮೆಯವನೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುವ ಹನುಮಂತನನ್ನು ತೆಗೆದುಕೊಳ್ಳಿ. ಸಮುದ್ರೋಲ್ಲಂಘನ ಮಾಡಿದ ಆತನು ರಾಮನ ಮುದ್ರೆಯುಂಗುರವನ್ನು ಆನೆಗೊಂದಿಯ ಗುಹೆಯಲ್ಲಿ ಬಚ್ಚಿಟ್ಟು ಹೋಗಲಿಲ್ಲ, ಅದರ ಅಚ್ಚು ತೆಗೆಸಿ ಒಯ್ಯಲೂ ಇಲ್ಲ, ಅಸಲನ್ನೇ ಒಯ್ದನು. ಒಯ್ದುದರಿಂದಲೇ ಸೀತಾದೇವಿಗೆ ನಂಬಿಕೆಯುಂಟಾಯಿತು. ಮಧ್ವಮತದವರು ಆತನನ್ನೇ ತಮ್ಮ ಆಚಾರ್ಯರ ಮೊದಲ ಅವತಾರವೆಂದು ಭಾವಿಸುವುದರಿಂದ, ಅಸಲು ನಕಲಿನ ವಿಷಯದಲ್ಲಿ ದ್ವೈತದ ನಿಲುವು ಲಂಕೆಯಿಂದ ಟೋಕಿಯೊವರೆಗೂ ಏಕರೂಪವಾಗಿ ಬಂದಿದೆಯೆಂದು ಹೇಳಬಹುದು. ಲಂಕೆಯ ಹೆಬ್ಬಾಗಿಲಿನಲ್ಲಿ ಕಾವಲಿನ ಲಂಕಿಣಿಯು ನೀನಾರೆಂದು ತಡೆದಾಗ ಆತನು ಉಂಗುರವನ್ನು ತೋರಿಸದೆ ಎಡಗೈ ಮುಷ್ಟಿಯನ್ನು ತೋರಿಸಿದನೆಂಬುದು ನಿಜವೇ ಆದರೂ, ಆ ಕ್ರಮವನ್ನು ರಕ್ತದೊತ್ತಡದ ಮಾತ್ರೆ ನುಂಗುವ ಪಿಂಚಣಿದಾರರಿಗೆ ನಾನು ಶಿಫಾರಸು ಮಾಡಲಾರೆ.

ತೋರಿಸೆನು ಎಂದು ನಿಂತ ಮಹನೀಯರೂ ಇದ್ದಾರೆ. ಅವರನ್ನು ಬಿಟ್ಟು ಹೋದರೆ ವಿಚಾರವು ಒಮ್ಮುಖವಾದೀತು. ಯುದ್ಧಕ್ಕೆಂದು 1939ರಲ್ಲಿ ಇಂಗ್ಲೆಂಡಿನಲ್ಲಿ ತಂದ ಗುರುತುಚೀಟಿಯು ಯುದ್ಧ ಮುಗಿದು ಐದು ವರ್ಷವಾದರೂ ಹೋಗದೆ ಉಳಿದಿದ್ದಾಗ, 1950ರ ಡಿಸೆಂಬರಿನಲ್ಲಿ ಕ್ಲಾರೆನ್ಸ್ ವಿಲ್ಕಾಕ್ ಎಂಬಾತನು ಕಾರನ್ನು ತಡೆದ ಪೋಲೀಸಿನವನಿಗೆ ಚೀಟಿಯನ್ನು ತೋರಿಸಲೊಲ್ಲೆನೆಂದನು. ಮೊಕದ್ದಮೆಯಲ್ಲಿ ಸೋತನು, ಆದರೆ ನ್ಯಾಯಾಧೀಶರೇ ಈ ಪದ್ಧತಿಯನ್ನು ಟೀಕಿಸಿದುದರಿಂದ 1952ರಲ್ಲಿ ಚೀಟಿಯೇ ಇಲ್ಲವಾಯಿತು. ಅದಕ್ಕೂ ಮುಂಚೆ, ಟ್ರಾನ್ಸ್‌ವಾಲಿನ ಭಾರತೀಯರು ಬೆರಳಚ್ಚಿನ ಪರವಾನೆಯನ್ನು ಹೊತ್ತು ತಿರುಗಬೇಕು, ಪೋಲೀಸಿನವನು ಕೇಳಿದಲ್ಲಿ ತೋರಿಸಬೇಕು ಎಂಬ ಕಟ್ಟಳೆಯ ವಿರುದ್ಧವಾಗಿ ಗಾಂಧಿಯವರು ಎದ್ದುನಿಂತು, 1908ರ ಆಗಸ್ಟ್ 16ರಂದು ಜೋಹಾನ್ಸ್‌ಬರ್ಗಿನ ಹಮೀದಿಯಾ ಮಸೀದಿಯ ಬಳಿ ಎರಡು ಸಾವಿರಕ್ಕೂ ಮೇಲ್ಪಟ್ಟ ಪರವಾನೆಗಳನ್ನು ಕೊಪ್ಪರಿಗೆಯಲ್ಲಿ ಹಾಕಿ ಸುಡಿಸಿದರು. ಆದರೆ ಈ ಇಬ್ಬರೂ ತಾವು ನೆಲಸಿದ ನೆಲದಲ್ಲಿ ತಮ್ಮನ್ನು ಅಪರಿಚಿತರಂತೆ ಕಂಡುದನ್ನು ಪ್ರತಿಭಟಿಸಿದವರು. ತಿಂಗಳೆರಡು ತಿಂಗಳು ಮೊಮ್ಮಗನನ್ನು ಆಡಿಸಲು ಹೋದ ನನ್ನಂತಹವನು ನಿಜವಾಗಿಯೂ ಅಪರಿಚಿತನೇ. ನೋವಿರತಕ್ಕದ್ದು ಬೇರೆ ಕಡೆ. ಜಪಾನೀಯನು ಯಾವ ಚೀಟಿಯನ್ನೂ ಹೊತ್ತು ತಿರುಗಬೇಕಾಗಿಲ್ಲ. ಯಾರು ಜಪಾನೀಯರಲ್ಲವೆಂಬುದನ್ನು ಪೋಲೀಸಿನವನು ಮುಖನೋಡಿ ನಿರ್ಧರಿಸುತ್ತಾನೆ. ಅಲ್ಲಿಯ ಪೌರತ್ವವನ್ನೇ ಪಡೆದರೂ ಮುಖವು ಮಾತ್ರ ಹಳೆಯದೇ ಆಗಿ ಉಳಿದವನ ಗತಿಯೇನು? ಹೀಗೆ ಮೇಲಿಂದ ಮೇಲೆ ತಡೆಯಲ್ಪಟ್ಟು ಬೇಸತ್ತ ಮೂವರು 2024ರ ಜನವರಿಯಲ್ಲಿ ಟೋಕಿಯೊ ನ್ಯಾಯಾಲಯದಲ್ಲಿ ದಾವೆಯನ್ನೇ ಹೂಡಿದರು. ಅತಿಥಿಯನ್ನು ಪ್ರಶ್ನಿಸಿದರೆ ಅದು ವಿಚಾರಣೆ. ಮನೆಯವನನ್ನೇ ದಿನವೂ ಹೊಸ್ತಿಲಲ್ಲಿ ತಡೆದು ನೀನಾರೆಂದು ಕೇಳಿದರೆ ಅದು ಅವಮಾನ.

ಅತಿಥಿಗಳಾದ ನಾವಾದರೋ ಮುನಿಸಿಕೊಳ್ಳಲು ಕಾರಣವಿಲ್ಲ. ಮೈಸೂರಿನ ಯಾವ ಲಾಡ್ಜಿಗೆ ಬಿಳಿಯ ಪ್ರವಾಸಿಯೊಬ್ಬನು ಬಂದರೂ, ಅವನಿಗೆ ಕುಡಿಯುವ ನೀರನ್ನು ಕೊಡುವುದಕ್ಕೆ ಮೊದಲು ಪಾಸ್‌ಪೋರ್ಟನ್ನು ಕೇಳಿ, ಫಾರಂ ಒಂದನ್ನು ತುಂಬಿಸಿ ಸರ್ಕಾರಕ್ಕೆ ಕಳುಹಿಸಿಕೊಡುವ ನಾವು, ಪರರು ಅದನ್ನೇ ಬಗ್ಗಿ ನಮಸ್ಕರಿಸಿ ಕೇಳಿದಾಗ ಕೋಪಗೊಳ್ಳುವುದು ನ್ಯಾಯವಲ್ಲ. ಆದುದರಿಂದ ನನ್ನ ಸಿದ್ಧಾಂತವು ಕಿಸೆವಾದವೇ.

ಆದರೆ ನಡುಬೀದಿಯಲ್ಲಿ ಪಾಸ್‌ಪೋರ್ಟು ಅನ್ಯರ ಕೈಗೆ ಹೋಗಿ ಬಂದ ಸುದ್ದಿಯನ್ನು ಕೇಳಿದ ನನ್ನ ಮನೆಯವರು, ಕಿಸೆಯನ್ನೂ ಪೆಟ್ಟಿಗೆಯನ್ನೂ ಸಮನ್ವಯಗೊಳಿಸುವ ವಿಶಿಷ್ಟಾದ್ವೈತವೊಂದನ್ನು ಆ ರಾತ್ರಿಯೇ ಸ್ಥಾಪಿಸಿಬಿಟ್ಟರು: ಹಳೆಯ ಸೀರೆಯ ತುಂಡಿನಿಂದ ನನ್ನ ಬನಿಯನ್ನಿನ ಒಳಮೈಗೆ ಒಂದು ಜೇಬನ್ನು ಹೊಲಿದು, ಪಾಸ್‌ಪೋರ್ಟನ್ನು ಅದರಲ್ಲಿರಿಸಿ, ಬಾಯಿಗೆ ಎರಡು ಪಿನ್ನುಗಳನ್ನು ಹಾಕಿದರು. ಪೋಲೀಸಿನವನು ಕೇಳಿದರೆ ನಾನು ಕೋಟು, ಸ್ವೆಟರು, ಷರಟುಗಳ ಗುಂಡಿಗಳನ್ನು ಬಿಚ್ಚುತ್ತ ಹೋಗಬೇಕಾದೀತಲ್ಲ ಎಂದು ನಾನು ಅಳಲಿಕೊಂಡಾಗ, ಅಳಿಯಂದಿರು ಗಂಭೀರವಾಗಿ ಯೋಚಿಸಿ, ಸಾರ್ವಜನಿಕ ಸ್ಥಳದಲ್ಲಿ ಅಸಹ್ಯವಾಗುವಂತೆ ಮೈ ತೋರಿಸುವುದು 1948ರ ಸಣ್ಣ ಅಪರಾಧಗಳ ಕಾನೂನಿನ ಪ್ರಕಾರ ಶಿಕ್ಷಾರ್ಹವೆಂದೂ, ಅದಕ್ಕೆ ಮೂವತ್ತು ದಿನಕ್ಕೆ ಕಡಿಮೆಯಾದ ಬಂಧನವೋ ಹತ್ತು ಸಾವಿರ ಯೆನ್ನಿಗೆ ಕಡಿಮೆಯಾದ ದಂಡವೋ ಆಗಬಹುದೆಂದೂ ತಿಳಿಸಿದರು. ನನ್ನ ಬನಿಯನ್ನು ಅಸಹ್ಯದ ವ್ಯಾಖ್ಯೆಯೊಳಗೆ ಬರುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ, ಮಾವನ ಮೇಲಿನ ಗೌರವದಿಂದ, ಮೌನವಾಗಿದ್ದರು. ಬಂಧನದ ಮಾತು ನನ್ನ ಮನೆಯವರ ಕಿವಿಗೆ ಬೀಳಲಿಲ್ಲ. ಅವರು ಬೆರಳು ಮಡಿಸಿ ಲೆಕ್ಕ ಹಾಕಿ, "ಪಾಸ್‌ಪೋರ್ಟ್ ಇಲ್ಲದಿದ್ರೆ ಒಂದು ಲಕ್ಷ, ಗುಂಡಿ ಬಿಚ್ಚಿದ್ರೆ ಹತ್ತು ಸಾವಿರದೊಳಗೆ. ತೊಂಬತ್ತು ಸಾವಿರ ಉಳೀತಲ್ಲಾರೀ, ಸುಮ್ನೆ ಬಿಚ್ಚಿ!" ಎಂದರು.