ಲೆನ್ಸಪ್ಪನವರು

ಭಾನುವಾರ ಬೆಳಗ್ಗೆ ಬಾಗಲೂರಿನ ಕೋಳಿ ಅಂಗಡಿ ಮುಂದೆ ಎರಡು ಕ್ಯೂ. ಕೆಳಗೆ ಚೀಲ ಹಿಡಿದ ಜನ, ಮೇಲೆ ಕರೆಂಟು ತಂತಿ ತುಂಬ ಹದ್ದುಗಳು. ಎರಡಕ್ಕೂ ಸೇರದೆ ಮೋರಿ ಪಕ್ಕ ಮಂಡಿಯೂರಿ ಕೂತವರು ನಮ್ಮ ಲೆನ್ಸಪ್ಪನವರು. ಅಪ್ಪ ಅಮ್ಮ ಇಟ್ಟ ಹೆಸರು ಅಪಾರ್ಟ್‌ಮೆಂಟಿನ ಮೆಂಟೆನೆನ್ಸ್ ರಸೀದಿಯಲ್ಲಿ ಮಾತ್ರ ಉಳಿದಿದೆ. ಕಾಡಿನಲ್ಲಿ ಮರೆಯಾಗಿರಲೆಂದು ಕೊಂಡ ಎಲೆಬಳ್ಳಿ ಚಿತ್ರದ ಪ್ಯಾಂಟು ಇಲ್ಲಿನ ಸಿಮೆಂಟಿನ ನಡುವೆ ಎಷ್ಟು ಎದ್ದು ಕಾಣುತ್ತದೆಂದರೆ, ಒಂದು ಸಲ ಹಸುವೊಂದು ಬಂದು ಮೂಸಿ ನೋಡಿತ್ತು.

ಕೈಯಲ್ಲಿರುವ 600 ಎಂ.ಎಂ. ಲೆನ್ಸು ಒಳ್ಳೇ ಫಾರಂ ಕೋಳಿಗಿಂತ ಹೆಚ್ಚು ತೂಗುತ್ತದೆ. ಬೆಲೆ ಕೇಳಬೇಡಿ. ಮನೆಯವರಿಗೆ ಹೇಳಿದ ಬೆಲೆ ಒಂದು, ಗೆಳೆಯರಿಗೆ ಹೇಳಿದ್ದು ಇನ್ನೊಂದು. ನಿಜ ಗೊತ್ತಿರುವುದು ತಿಂಗಳಿಗೊಮ್ಮೆ ಕಂತು ಕಡಿಯುವ ಬ್ಯಾಂಕಿಗೆ.

ಹದ್ದಿನ ಹಿಂದಿನ ನೀರಿನ ಟ್ಯಾಂಕು, ಮೊಬೈಲ್ ಟವರು, ಕ್ರೇನು ಎಲ್ಲ ಕಂಪ್ಯೂಟರಿನಲ್ಲಿ ಕರಗಿ, ಸಂಜೆಯ ಹೊತ್ತಿಗೆ ವಾಟ್ಸ್ಯಾಪ್ ಗುಂಪಿಗೆ 'ಬಾನಿನ ಒಡೆಯ' ಬಿಜಯಂಗೈಯುತ್ತಾನೆ. ಹಕ್ಕಿಗೆ ಆಮಿಷ ತೋರಿಸಿ ಫೋಟೊ ತೆಗೆಯುವುದು ಮಹಾಪಾಪವೆಂದು ಅಲ್ಲೇ ಒಂದು ಉಪದೇಶವೂ ಉಂಟು. ಅಂಗಡಿಯವನು ಎಸೆಯುವ ಕರುಳು? ಅದು ಆಮಿಷವಲ್ಲ, ಪ್ರಕೃತಿ.

ರಾಮನಗರದ ರಾಮದೇವರಬೆಟ್ಟಕ್ಕೂ ಹೋಗಿಬಂದಿದ್ದಾರೆ. 'ಶೋಲೆ' ತೆಗೆದ ಆ ಬಂಡೆಗಳ ಸೀಮೆ 2012ರಲ್ಲಿ ರಣಹದ್ದು ಧಾಮವಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿತು. 2006ರಲ್ಲಿ ಅದಕ್ಕೆ ನಿಷೇಧ ಬೀಳುವಷ್ಟರಲ್ಲಿ ದೇಶದ ಬಹುಪಾಲು ರಣಹದ್ದುಗಳೇ ಇರಲಿಲ್ಲ. ಉಳಿದ ಉದ್ದ ಕೊಕ್ಕಿನ ಕೆಲವು ಈ ಬೆಟ್ಟದಲ್ಲಿವೆ. ಇಷ್ಟೂ ಕಥೆ ನನಗೆ ಹೇಳಿದವರು ಲೆನ್ಸಪ್ಪನವರೇ. ಹೇಳಿ ನಿಟ್ಟುಸಿರಿಟ್ಟರು. "ಲೈಟೇ ಇರ್ಲಿಲ್ಲ ಸಾರ್. ಹಕ್ಕಿ ಕೊನೇವರೆಗೂ ಮುಖ ತಿರುಗಿಸ್ಲಿಲ್ಲ."

ಗಾಳಿಪಟದ ನೈಲಾನ್ ಮಾಂಜಾ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಮರದ ತುದಿಯಲ್ಲಿ ನೇತಾಡುವ ದಾರಕ್ಕೆ ಮಾತ್ರ ಆದೇಶದ ಪ್ರತಿ ತಲುಪಿಲ್ಲ. ಅದಕ್ಕೆ ಸಿಕ್ಕಿ ರೆಕ್ಕೆ ಕೊಯ್ದುಕೊಂಡ ಹದ್ದುಗಳನ್ನು ಆರೈಕೆ ಮಾಡುವ ಕೇಂದ್ರವೊಂದಕ್ಕೆ ಲೆನ್ಸಪ್ಪನವರು ಹೋಗಿದ್ದರು. ಅಲ್ಲಿ ಹುಡುಗಿಯೊಬ್ಬಳು ರಟ್ಟಿನ ಡಬ್ಬದಿಂದ ಹದ್ದನ್ನು ತೆಗೆದು, ತಲೆಗೆ ಟವೆಲು ಮುಚ್ಚಿ, ರೆಕ್ಕೆಗೆ ಪಟ್ಟಿ ಸುತ್ತುತ್ತಿದ್ದಳು.

"ಅಮ್ಮಾ, ಆ ಬ್ಯಾಂಡೇಜು ಒಂದೈದು ನಿಮಿಷ ಬಿಚ್ಚಿ ಮತ್ತೆ ಕಟ್ಟೋಕಾಗುತ್ತಾ? ವೈಲ್ಡ್ ಲುಕ್ ಬರ್ತಿಲ್ಲ."

"ಅಂಕಲ್, ಸ್ವಲ್ಪ ಈ ಕಾಲು ಹಿಡ್ಕೊಳ್ತೀರಾ?"

ಉಗುರು ಕಂಡದ್ದೇ ತಡ, ಲೆನ್ಸಪ್ಪನವರಿಗೆ ಆಫೀಸಿನಿಂದ ತುರ್ತು ಫೋನು ಬಂತು. ಅಂದು ಭಾನುವಾರ.

ಅವರ ಪಾಲಿಗೆ ಬರಗಾಲವೆಂದರೆ ಏರೋ ಇಂಡಿಯಾ ವಿಮಾನ ಪ್ರದರ್ಶನ. ಮಾಂಸದ ಚೂರಿಗೆ ಬರುವ ಹದ್ದು ವಿಮಾನಕ್ಕೆ ಬಡಿದೀತೆಂದು 2025ರಲ್ಲಿ ಯಲಹಂಕ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಜನವರಿ 23ರಿಂದ ಫೆಬ್ರವರಿ 17ರವರೆಗೆ ಮಾಂಸದಂಗಡಿಗಳು ಬಂದ್. ಬಾಗಲೂರಿನಲ್ಲೂ ಶಟರ್ ಇಳಿಯಿತು, ತಂತಿ ಖಾಲಿಯಾಯಿತು. ಊರೆಲ್ಲ ತಾರಸಿ ಹತ್ತಿ ವಿಮಾನದ ಕಸರತ್ತು ನೋಡುತ್ತಿದ್ದರೆ, ಲಕ್ಷಗಟ್ಟಲೆಯ ಲೆನ್ಸಿದ್ದವರು ಮುಖ ಊದಿಸಿಕೊಂಡು ಮನೆಯೊಳಗೆ. ತಡೆಯಲಾರದೆ ಅಂಗಡಿಯವನಿಗೆ ಫೋನು ಹಚ್ಚಿದರು. "ಯಾವತ್ತಪ್ಪಾ ಬಾಗ್ಲು ತೆಗೆಯೋದು?"

"ಶೋ ಮುಗೀಲಿ ಸಾರ್. ಒಂದ್ ಮಾತು ಕೇಳ್ಲಾ? ನೀವು ಮೊಟ್ಟೇನೂ ತಿನ್ನಲ್ಲ ಅಲ್ವಾ?"